‘ಸೆಲ್ಮಾ’ ಸಿನಿಮಾ ಮನೆಯಲ್ಲೇ ನೋಡಿದರೆ ಸಾಲದಾ?

ಪ್ರಶ್ನೆ: ಜಾರ್ಜಿಯಾ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕಕ್ಕೆ ಬಂದು ಮೂರು ವರ್ಷ ಆಯ್ತು. ಮಗನಿಗೆ 13. ಜನವರಿ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ ಇದೆಯಲ್ಲ, ಅವತ್ತು ಮಧ್ಯಾಹ್ನ ನಮ್ಮ ಏರಿಯಾದ ಥಿಯೇಟರಿನಲ್ಲಿ 2014ರ ‘ಸೆಲ್ಮಾ’ ಮತ್ತೆ ಹಾಕುತ್ತಿದ್ದಾರೆ. ಕಪ್ಪು ಜನರ ಮತದಾನದ ಹಕ್ಕಿಗಾಗಿ 1965ರಲ್ಲಿ ಕಿಂಗ್ ಮತ್ತು ಸಂಗಡಿಗರು ಅಲಬಾಮಾದ ಸೆಲ್ಮಾ ಊರಿನಿಂದ ಹೊರಡಿಸಿದ ಮೆರವಣಿಗೆಗಳ ಕತೆ ಅದು. ಮನೆಯಲ್ಲೂ ನೋಡಬಹುದು, ಆದರೆ ಥಿಯೇಟರಿನಲ್ಲೇ ತೋರಿಸಿ ಎಂದು ಮಗನ ಟೀಚರ್ ಮೇಲ್ ಕಳಿಸಿದ್ದಾರೆ. ಮೂರು ಟಿಕೆಟ್, ಪಾಪ್‌ಕಾರ್ನ್ ಸೇರಿದರೆ ವಾರದ ತರಕಾರಿ ದುಡ್ಡು. "ಮನೆಯಲ್ಲಿ 65 ಇಂಚಿನ ಟಿವಿ ಯಾಕೆ ತಗೊಂಡಿದ್ದು?" ಅಂತಾರೆ ನಮ್ಮ ಯಜಮಾನರು. ಅವರ ಮಾತಲ್ಲೂ ತಪ್ಪಿಲ್ಲ. ಡೈನೋಸಾರ್ ಓಡಾಡುವ ಸಿನಿಮಾಕ್ಕೆ ದೊಡ್ಡ ಪರದೆ ಬೇಕು, ಸರಿ. ಜನ ನಡೆದುಕೊಂಡು ಹೋಗುವ ಸಿನಿಮಾಕ್ಕೂ ಬೇಕಾ? ನೋಡಿದವರು ಹೇಳಿ.

ಉತ್ತರ: ಡಲ್ಲಾಸ್ ರಾಯರು

ಸುಮ್ನೆ ದುಡ್ಡು ದಂಡ. ಅದೂ ಅಲ್ಲದೆ ಅದು ಪೂರ್ತಿ ಇತಿಹಾಸವೂ ಅಲ್ಲ. ಆಗಿನ ಅಧ್ಯಕ್ಷ ಜಾನ್ಸನ್ ಕಿಂಗ್ ಹೋರಾಟಕ್ಕೆ ಅಡ್ಡಗಾಲು ಹಾಕಿದ ಹಾಗೆ ತೋರಿಸಿದ್ದಾರೆ ಎಂದು, ಅವರ ಕೈಕೆಳಗೆ ಕೆಲಸ ಮಾಡಿದ್ದ ಕ್ಯಾಲಿಫಾನೋ ಆಗಲೇ ಪೇಪರಿನಲ್ಲಿ ಬರೆದು ಜಗಳ ತೆಗೆದಿದ್ದರು. ಕಿಂಗ್ ಪಾತ್ರದ ಬಾಯಲ್ಲಿ ಬರುವ ಭಾಷಣಗಳೂ ಕಿಂಗ್ ಅವರವಲ್ಲ. ಅವುಗಳ ಹಕ್ಕು ಬೇರೆ ಸ್ಟುಡಿಯೋ ಹತ್ತಿರ ಇತ್ತು, ನಿರ್ದೇಶಕಿ ಆವಾ ಡುವರ್ನೆ ಹೊಸದಾಗಿ ಬರೆಯಬೇಕಾಯಿತು.

ಇನ್ನೊಂದು ಮಾತು. 1965ರ ಮಾರ್ಚ್ 7ರ ಭಾನುವಾರ ಸೆಲ್ಮಾ ಸೇತುವೆ ಮೇಲೆ ಪೊಲೀಸರು ಜನರನ್ನು ಬಡಿದರಲ್ಲ, ಆ ರಾತ್ರಿ ಎಬಿಸಿ ಚಾನೆಲ್‌ನಲ್ಲಿ ನಾಜಿಗಳ ವಿಚಾರಣೆಯ ಸಿನಿಮಾ ಬರುತ್ತಿತ್ತು. ಅದನ್ನು ನಡುವೆ ನಿಲ್ಲಿಸಿ ಸೇತುವೆಯ ದೃಶ್ಯ ತೋರಿಸಿದರು. ಸುಮಾರು 4 ಕೋಟಿ 80 ಲಕ್ಷ ಜನ ನೋಡಿದರು ಅಂತಾರೆ. ಎಲ್ಲರೂ ಅವರವರ ಮನೆಯಲ್ಲೇ. ದೇಶ ಎದ್ದು ಕೂತಿದ್ದು ಟಿವಿಯಿಂದ. ನಿಮ್ಮ ಯಜಮಾನರೇ ಗೆದ್ದರು.

ಉತ್ತರ: ಹಾಸನದವನು

ಅಮ್ಮಾವ್ರೇ, ನಾನು ಇದನ್ನು ಎರಡೂ ರೀತಿ ನೋಡಿದ್ದೇನೆ. 2015ರ ಜನವರಿಯಲ್ಲಿ ಥಿಯೇಟರಿನಲ್ಲಿ. 2020ರ ಜೂನ್‌ನಲ್ಲಿ ಮನೆಯಲ್ಲಿ. ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕೊಲೆಯಾದ ಮೇಲೆ ಆ ತಿಂಗಳು ಸಿನಿಮಾದ ಸ್ಟುಡಿಯೋ ಪ್ಯಾರಾಮೌಂಟ್‌ನವರು ಬಿಟ್ಟಿಯಾಗಿ ನೋಡಲು ಕೊಟ್ಟಿದ್ದರು.

ಮನೆಯ ಕತೆ ಮೊದಲು ಹೇಳಿಬಿಡುತ್ತೇನೆ, ಅದು ಚಿಕ್ಕದು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಕಪ್ಪು ಜನರ ಚರ್ಚ್ ಬರುತ್ತದೆ. 1963ರ ಸೆಪ್ಟೆಂಬರ್ 15. ಹುಡುಗಿಯರು ಭಾನುವಾರದ ಬಟ್ಟೆ ಹಾಕಿಕೊಂಡು, ಕೂದಲಿನ ಬಗ್ಗೆ ಹರಟುತ್ತಾ ಮೆಟ್ಟಿಲು ಇಳಿಯುತ್ತಾರೆ. ಅಷ್ಟರಲ್ಲಿ ಬಾಂಬು. ನಿಜದಲ್ಲೂ ನಾಲ್ಕು ಹುಡುಗಿಯರು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಎರಡನೇ ಸಲ ಆದ್ದರಿಂದ ನನಗೆ ಮುಂದೇನು ಅಂತ ಗೊತ್ತಿತ್ತು. ಮೆಟ್ಟಿಲು ಕಂಡದ್ದೇ ರಿಮೋಟ್ ಒತ್ತಿದೆ. ನೀರು ಕುಡಿಯಲು ಎದ್ದೆ. ಬಾಯಾರಿಕೆ ಏನೂ ಇರಲಿಲ್ಲ. ಸಿಂಕಿನಲ್ಲಿದ್ದ ಕುಕ್ಕರ್ ತೊಳೆದು ಬೋರಲು ಹಾಕಿ ಬಂದೆ. ಸೇತುವೆ ಹತ್ತಿರ ಬಂದಾಗ ಮತ್ತೆ ನಿಲ್ಲಿಸಿ ವಾಟ್ಸಾಪ್ ನೋಡಿದೆ. 128 ನಿಮಿಷದ ಸಿನಿಮಾ ಮುಗಿಸಲು ಎರಡು ರಾತ್ರಿ ಬೇಕಾಯಿತು.

ಇನ್ನು ಥಿಯೇಟರ್. ಹೆಂಡತಿಗೆ ನೆಗಡಿ, ಒಬ್ಬನೇ ಹೋಗಿದ್ದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಕಪ್ಪು ಅಜ್ಜಿ. ತೊಡೆ ಮೇಲೆ ದೊಡ್ಡ ಬ್ಯಾಗು. ಹುಡುಗಿಯರು ಮೆಟ್ಟಿಲು ಇಳಿಯಲು ಶುರು ಮಾಡಿದರು ನೋಡಿ, ಅಜ್ಜಿ ಬ್ಯಾಗಿನ ಜಿಪ್ ಎಳೆದು ಅದನ್ನು ಎರಡೂ ಕೈಯಲ್ಲಿ ಅವಚಿಕೊಂಡರು. ಸಿನಿಮಾದ ನಡುವೆ ಬ್ಯಾಗು ಯಾಕೆ ಮುಚ್ಚುತ್ತಾರೆ ಅಂದುಕೊಂಡೆ. ಸದ್ದು ಬಂದಾಗ ನಾನು ಬೆಚ್ಚಿ ಪಾಪ್‌ಕಾರ್ನ್ ಎಲ್ಲ ಚೆಲ್ಲಿದೆ. ಅವರು ಅಲ್ಲಾಡಲಿಲ್ಲ. ಅವರಿಗೆ ಆ ಮೆಟ್ಟಿಲು ಗೊತ್ತಿತ್ತು.

ಸೇತುವೆಗೆ ಬರೋಣ. ಶೂಟಿಂಗ್ ಮಾಡಿದ್ದು ಅದೇ ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ. ಅದು ನಡುವೆ ಉಬ್ಬಿಕೊಂಡಿದೆ. ಊರ ಕಡೆಯಿಂದ ಹತ್ತುವಾಗ ಆಚೆ ತುದಿ ಕಾಣುವುದಿಲ್ಲ. ಉಬ್ಬಿನ ಮೇಲೆ ಬಂದು ನಿಂತಾಗಲೇ ಕೆಳಗೆ ಲಾಠಿ ಹಿಡಿದವರ ಸಾಲು ಕಾಣುವುದು. ಟಿವಿಯಲ್ಲಿ ಇದು ಒಂದು ರಸ್ತೆ ಅಷ್ಟೇ. ದೊಡ್ಡ ಪರದೆಯಲ್ಲಿ ಏರು ನಮ್ಮ ಕಾಲಿಗೇ ಸಿಗುತ್ತದೆ. ಅವತ್ತು ಮೆರವಣಿಗೆ ಹೊರಟ 600 ಜನರ ಹಿಂದೆ ನಾವೂ ಹತ್ತುತ್ತೇವೆ. ನನ್ನ ಹಿಂದಿನ ಸಾಲಿನಲ್ಲಿ ಯಾರೋ "ಬೇಡ, ಬೇಡ" ಎಂದು ಮೆಲ್ಲಗೆ ಅಂದರು. 50 ವರ್ಷದ ಹಿಂದೆ ಆಗಿಹೋದದ್ದಕ್ಕೆ!

ಲೈಟ್ ಹಾಕಿದರೂ ಯಾರೂ ಏಳಲಿಲ್ಲ. ಕೊನೆಯ ಹಾಡು ಮುಗಿಯುವ ತನಕ ಕೂತೆವು. ಅಜ್ಜಿ ನನ್ನ ಕಡೆ ತಿರುಗಿ, ಚಿಕ್ಕಂದಿನಲ್ಲಿ ಅವರ ಊರಲ್ಲಿ ಸಿನಿಮಾಕ್ಕೆ ಹೋದರೆ ಯಾವಾಗಲೂ ಬಾಲ್ಕನಿಯಲ್ಲೇ ಕೂರುತ್ತಿದ್ದೆವು ಅಂದರು. ನಾನು ಹಾಸನದವನು. ನಮಗೆ ಬಾಲ್ಕನಿ ಅಂದರೆ ಮೆತ್ತನೆ ಸೀಟು, ಜಾಸ್ತಿ ದುಡ್ಡು. ನಮ್ಮಂಥವರದ್ದು ಪರದೆ ಮುಂದಿನ ಗಾಂಧಿ ಕ್ಲಾಸ್. "ಓಹೋ, ನಿಮ್ಮ ಮನೆಯವರು ಅನುಕೂಲಸ್ಥರು ಅನ್ನಿ" ಅಂದುಬಿಟ್ಟೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ನಕ್ಕರು ನೋಡಿ, ಬ್ಯಾಗು ಕುಣಿಯುವ ಹಾಗೆ.

ಕಣ್ಣು ಒರೆಸಿಕೊಂಡು ಬಿಡಿಸಿ ಹೇಳಿದರು. ಮುಂದಿನ ಬಾಗಿಲು ಬಿಳಿಯರಿಗೆ. ಕಪ್ಪು ಜನಕ್ಕೆ ಪಕ್ಕದ ಓಣಿಯಲ್ಲಿ ಬೇರೆ ಬಾಗಿಲು, ಬೇರೆ ಮೆಟ್ಟಿಲು. ಅದು ನೇರ ಬಾಲ್ಕನಿಗೆ. ಕೆಳಗೆ ಸೀಟು ಖಾಲಿ ಇದ್ದರೂ ಇಳಿಯುವ ಹಾಗಿಲ್ಲ. 1964ರ ಜುಲೈ 2ರಂದು ಸಹಿಯಾದ ನಾಗರಿಕ ಹಕ್ಕುಗಳ ಕಾನೂನಿನಲ್ಲಿ ಹೋಟೆಲ್, ಊಟದ ಜಾಗಗಳ ಜೊತೆ ಸಿನಿಮಾ ಮಂದಿರದಲ್ಲೂ ಇಂಥ ಭೇದ ಕೂಡದು ಎಂದು ಹೆಸರು ಹಿಡಿದು ಸೇರಿಸಿದ್ದಾರೆ. ನಾನು ಅದನ್ನು ಹುಡುಕಿ ಓದಿದ್ದು ಆ ರಾತ್ರಿ ಮನೆಗೆ ಬಂದ ಮೇಲೆ. ಟಿಕೆಟ್ ಹರಿದು ಒಳಗೆ ಬಿಟ್ಟರು, ನಾನು ನಡುವಿನ ಸಾಲಿನಲ್ಲಿ ಕೂತೆ, ಅಷ್ಟೇ ಅಂದುಕೊಂಡಿದ್ದೆ. ಪಕ್ಕದಲ್ಲಿದ್ದವರಿಗೆ ಅದೇ ಸಾಲು ಬೇರೆ ಲೆಕ್ಕ.

ರಾಯರೇ, ನಿಮ್ಮ ಟಿವಿ ಮಾತು ಒಪ್ಪಿದೆ. ಆದರೆ ಆ ಭಾನುವಾರ ರಾತ್ರಿ ಯಾರ ಕೈಯಲ್ಲೂ ನಿಲ್ಲಿಸುವ ಬಟನ್ ಇರಲಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ನೋಡಿದರು. ಹಾಗೆ ನೋಡುವ ಜಾಗ ಈಗ ಥಿಯೇಟರ್ ಒಂದೇ ಉಳಿದಿರುವುದು. ಸಿನಿಮಾ ಬಂದಾಗ ನ್ಯೂಯಾರ್ಕಿನ ಕಪ್ಪು ಉದ್ಯಮಿಗಳು ದುಡ್ಡು ಹಾಕಿ 7, 8, 9ನೇ ತರಗತಿಯ 27,000 ಮಕ್ಕಳಿಗೆ ಬಿಟ್ಟಿ ಟಿಕೆಟ್ ಕೊಡಿಸಿದ್ದರು. ಬೇರೆ ಊರುಗಳಿಗೂ ಅದು ಹಬ್ಬಿತು. ಕೆಲವು ತಿಂಗಳು ಕಾದಿದ್ದರೆ ಶಾಲೆಗೊಂದು ಡಿವಿಡಿ ಕೊಡಬಹುದಿತ್ತು, ಅಲ್ವಾ? ಅವರು ಸೀಟು ಕೊಂಡರು.

ಜಾನ್ಸನ್ ಜಗಳವನ್ನು ಮಗನಿಗೆ ಖಂಡಿತ ಹೇಳಿ. 1965ರ ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾನೂನಿಗೆ ಸಹಿ ಹಾಕಿದ್ದೂ ಅದೇ ಜಾನ್ಸನ್. ವಾಪಸ್ ಬರುವಾಗ ಕಾರಿನಲ್ಲಿ ಮಾತಾಡಲು ಒಳ್ಳೇ ವಿಷಯ.

ಉತ್ತರ: ಟೊರಾಂಟೋ ಪುಟ್ಟಿ

ಬಾಲ್ಕನಿ ಓದಿ ನೆನಪಾಯ್ತು. ಕೆನಡಾದಲ್ಲೂ ಇದೇ ಕತೆ. 1946ರಲ್ಲಿ ನೋವಾ ಸ್ಕಾಟಿಯಾದ ಥಿಯೇಟರೊಂದರಲ್ಲಿ ವಯೋಲಾ ಡೆಸ್ಮಂಡ್ ಎಂಬ ಕಪ್ಪು ಹೆಂಗಸು ಕೆಳಗಿನ ಸೀಟಿನಿಂದ ಏಳಲಿಲ್ಲ. ಎಳೆದು ಹಾಕಿ, ರಾತ್ರಿ ಲಾಕಪ್‌ನಲ್ಲಿಟ್ಟರು. ಕೋರ್ಟಿನಲ್ಲಿ ಬಣ್ಣದ ಮಾತೇ ಇಲ್ಲ! ಬಾಲ್ಕನಿ ಟಿಕೆಟ್ಟಿಗೂ ಕೆಳಗಿನ ಟಿಕೆಟ್ಟಿಗೂ ತೆರಿಗೆಯಲ್ಲಿ ಒಂದು ಸೆಂಟ್ ವ್ಯತ್ಯಾಸ ಇತ್ತು, ಅದನ್ನು ಕಟ್ಟಿಲ್ಲ ಎಂದು ಕೇಸು. 2018ರಿಂದ ನಮ್ಮ 10 ಡಾಲರ್ ನೋಟಿನ ಮೇಲೆ ಅವರ ಮುಖವೇ ಇದೆ. ಟಿಕೆಟ್ ದುಡ್ಡಿನ ಲೆಕ್ಕ ಹಾಕುವ ಯಜಮಾನರಿಗೆ ಇದನ್ನು ಹೇಳಿ ನೋಡಿ.

ಜಾರ್ಜಿಯಾ ಅಮ್ಮ

ಹೇಳಿದೆ. ಮಾತಾಡದೆ ಕಾರ್ಡ್ ತೆಗೆದುಕೊಟ್ಟರು. 2 ಗಂಟೆ ಶೋಗೆ ಮೂರು ಟಿಕೆಟ್ ಆಯ್ತು, ಪಾಪ್‌ಕಾರ್ನ್ ಇಲ್ಲ. ಚರ್ಚಿನ ಸೀನ್ ಬಗ್ಗೆ ಮಗನಿಗೆ ಮೊದಲೇ ಹೇಳಬೇಕಾ?

ಹಾಸನದವನು

ಒಂದು ಕೆಟ್ಟ ಸದ್ದು ಬರುತ್ತದೆ ಅಂತ ಹೇಳಿ, ಯಾವಾಗ ಅಂತ ಬೇಡ. ಮತ್ತೆ ಅದು ಶುರುವಿನಲ್ಲೇ ಬರುತ್ತದೆ. ನಮ್ಮ ಜನ ಎರಡು ಗಂಟೆ ಅಂದರೆ ಎರಡೂ ಕಾಲಿಗೆ ಪಾರ್ಕಿಂಗ್ ಹುಡುಕುವವರು. ದಯವಿಟ್ಟು ಒಂದೂ ಮುಕ್ಕಾಲಿಗೇ ಸೀಟಿನಲ್ಲಿರಿ.