ಪ್ರತಿ ಶನಿವಾರ ಟೆಸ್ಟ್ ಇಡುವ ಸ್ಕೂಲಿನಿಂದ ಮಗಳನ್ನು ಬಿಡಿಸಬೇಕಾ? ಅನುಭವ ಇದ್ದವರು ಹೇಳಿ

ಕೋಲಾರದಮ್ಮ:
ಮಗಳು 7ನೇ ಕ್ಲಾಸ್. ಶನಿವಾರ ಟೆಸ್ಟ್, ಸೋಮವಾರ ರ್‍ಯಾಂಕ್ ಪಟ್ಟಿ ಗೋಡೆಗೆ. ಶುಕ್ರವಾರ ರಾತ್ರಿ ಊಟ ಮುಟ್ಟಲ್ಲ, ಹೊಟ್ಟೆನೋವು ಅಂತಾಳೆ. ಟೆಸ್ಟ್ ಕಮ್ಮಿ ಇರುವ ಕಡೆ ಹಾಕಿದರೆ ಎಸ್ಸೆಸ್ಸೆಲ್ಸಿಯಲ್ಲಿ ಹೊಡೆತ ಬೀಳುತ್ತಾ?

ರೇಷ್ಮೆಗೂಡು ಶಿಡ್ಲಘಟ್ಟ:
ನಾನು ಬಿಡಿಸಿದೆ, ಈಗಲೂ ಬೈಸಿಕೊಳ್ಳುತ್ತಿದ್ದೇನೆ. ಮೊದಲು ಖರ್ಚು ಕೇಳಿ. ಟಿಸಿ ಬೇಕು ಅಂದರೆ ಬಾಕಿ ಫೀಸು 11,400 ಕಟ್ಟಿ ಅಂದರು. ಸೇರಿಸುವಾಗ ಕೊಟ್ಟ 35,000 ಹೋಯಿತು. ಹೊಸ ಯೂನಿಫಾರಂ 3,200, ವ್ಯಾನ್ ತಿಂಗಳಿಗೆ 1,500. ಟಿಸಿಗೆ ನಾಲ್ಕು ಸಲ ಅಲೆದೆ. ನಾಲ್ಕನೇ ದಿನ ಗೂಡಿಗೆ ಒಳ್ಳೆ ರೇಟ್ ಬಂದಿತ್ತು, ನಾನು ಮಾರ್ಕೆಟ್ಟಿನಲ್ಲಿ ಇರಲಿಲ್ಲ, ಆಫೀಸಿನ ಬೆಂಚಿನ ಮೇಲಿದ್ದೆ. ಹೊಸ ಸ್ಕೂಲಿನಲ್ಲಿ ಹುಡುಗ ಖುಷಿಯಾಗಿದ್ದ, ಸುಳ್ಳು ಹೇಳಲ್ಲ. ಆದರೆ 2024ರಲ್ಲಿ ಹತ್ತನೇ ಕ್ಲಾಸ್, ಪರೀಕ್ಷೆ ಹಾಲಿನಲ್ಲಿ ಕ್ಯಾಮೆರಾ. ಮೂರು ಗಂಟೆ ಒಂದೇ ಕಡೆ ಕೂತು ಬರೆದು ಅಭ್ಯಾಸ ಇರಲಿಲ್ಲ. ಗೊತ್ತಿದ್ದ ಲೆಕ್ಕಗಳನ್ನೇ ಮುಟ್ಟದೆ ಎದ್ದು ಬಂದ. 80ಕ್ಕೆ 30.

ಹುಣಸೆಮರ ಶಿರಾ:
ಆ ವರ್ಷ ಎಲ್ಲರೂ ಬಿದ್ದರು ಸ್ವಾಮಿ. 2023ರಲ್ಲಿ ಪಾಸಾದವರು ಶೇ 83.89. ವೆಬ್‌ಕಾಸ್ಟಿಂಗ್ (ಹಾಲಿನ ಕ್ಯಾಮೆರಾವನ್ನು ಹೊರಗೆ ಕೂತು ನೇರ ನೋಡೋದು) ಬಂದ 2024ರಲ್ಲಿ 73.40, ಅದೂ ಗ್ರೇಸ್ ಮಾರ್ಕ್ಸ್ ಕೊಟ್ಟ ಮೇಲೆ. ವಾರ ವಾರ ಟೆಸ್ಟ್ ಬರೆದವರೇನು ಕಮ್ಮಿ ಇದ್ದರಾ? ನಮ್ಮ ಕಥೆ ಕೇಳಿ. ಅದೇ ವರ್ಷ ಮಗ ಐದನೇ ಕ್ಲಾಸ್. 5, 8, 9ಕ್ಕೆ ಬೋರ್ಡ್ ಪರೀಕ್ಷೆ ಅಂತ ಮನೆಯಲ್ಲಿ ಟೀವಿ ಬಂದ್. ಮಾರ್ಚ್ 11ಕ್ಕೆ ಶುರುವಾಯಿತು, ಎರಡು ದಿನಕ್ಕೆ ಸುಪ್ರೀಂ ಕೋರ್ಟಿನಿಂದ ನಿಂತಿತು. 25ಕ್ಕೆ ಮತ್ತೆ ಶುರು. ಏಪ್ರಿಲ್ 8ಕ್ಕೆ ರಿಸಲ್ಟ್ ಕೊಡಬೇಡಿ ಅಂತ ಅದೇ ಕೋರ್ಟ್. ಹತ್ತು ವರ್ಷದ ಹುಡುಗ 'ಅಪ್ಪಾ, ನಾನು ಪಾಸಾ?' ಅಂತ ದಿನಾ ಕೇಳುತ್ತಿದ್ದ. ಏನು ಹೇಳಲಿ?

ಮುಳಬಾಗಿಲು ಅಪ್ಪ:
ಇಂಥ ಅಳುಮುಂಜಿತನದಿಂದಲೇ ಮಕ್ಕಳು ಹಾಳು. ನನ್ನ ಮಗಳಿಗೂ ಶನಿವಾರ ಟೆಸ್ಟ್ ಇತ್ತು. ಬೆಳಿಗ್ಗೆ ನಾಲ್ಕೂವರೆಗೆ ನಾನೇ ಟೀ ಕಾಯಿಸಿ ಎಬ್ಬಿಸುತ್ತಿದ್ದೆ. ಟ್ಯೂಷನ್ನಿಗೆ ಎರಡು ವರ್ಷದಲ್ಲಿ 64,000. ಎರಡು ಸೀಮೆಹಸು ಮಾರಿದೆ. 625ಕ್ಕೆ 611 ಬಂತು. ಹೊಟ್ಟೆನೋವೆಲ್ಲ ನಾಟಕ.

ಹುಣಸೆಮರ ಶಿರಾ:
ನಾಟಕ ಅಂತ ನಿಮಗೆ ಹೇಗೆ ಗೊತ್ತು? ನೋಡಿದ್ದೀರಾ ಆ ಮಗುವನ್ನ? 611 ಬಂದಿದ್ದು ಮಗಳಿಗೆ, ನಿಮಗಲ್ಲ.

ಮುಳಬಾಗಿಲು ಅಪ್ಪ:
ಹಸು ಮಾರಿದ್ದು ನಾನು.

ತಿಪಟೂರು ಮೇಷ್ಟ್ರು:
ಇಬ್ಬರೂ ಸ್ವಲ್ಪ ಸುಮ್ನಿರಿ. ಇಪ್ಪತ್ತು ವರ್ಷದಿಂದ ಪೇಪರ್ ತಿದ್ದುತ್ತಿದ್ದೇನೆ. ವರ್ಷಕ್ಕೆ ನಾಲ್ಕು ಎಫ್‌ಎ ಅಂದರೆ ಸಣ್ಣ ಟೆಸ್ಟ್, ಎರಡು ಎಸ್‌ಎ ಅಂದರೆ ದೊಡ್ಡ ಪರೀಕ್ಷೆ, ಕ್ಲಾಸಿನಲ್ಲಿ 52 ಮಕ್ಕಳು. ಒಬ್ಬ ಹುಡುಗಿ ಮೊದಲ ಎಫ್‌ಎಯಲ್ಲಿ 1/2 + 1/3 = 2/5 ಅಂತ ಬರೆದಳು. ಕೆಂಪು ಇಂಟು ಹಾಕಿದೆ, ಮಾರ್ಕ್ಸ್ ಕಂಪ್ಯೂಟರಿಗೆ ಏರಿಸಿದೆ. ಕಡೆಯ ಎಸ್‌ಎಯಲ್ಲೂ ಅದೇ 2/5! ಅಂದರೆ ಆರು ಸಲ ಅಳೆದೆ, ಒಂದು ಸಲವೂ ಪಕ್ಕಕ್ಕೆ ಕೂರಿಸಿಕೊಂಡು ಅರ್ಧ ರೊಟ್ಟಿ ತೋರಿಸಿ ಹೇಳಿಕೊಡಲಿಲ್ಲ. ಇಲ್ಲಿ ತಪ್ಪು ನನ್ನದೇ. ಅಮ್ಮಾ, ಟೆಸ್ಟ್ ಎಷ್ಟು ಅಂತ ಎಣಿಸಬೇಡಿ. ಪೇಪರ್ ಮನೆಗೆ ಬರುತ್ತಾ, ತಪ್ಪನ್ನು ಮತ್ತೆ ಹೇಳಿಕೊಡುತ್ತಾರಾ, ಅದನ್ನು ಕೇಳಿ.

ರೇಷ್ಮೆಗೂಡು ಶಿಡ್ಲಘಟ್ಟ:
ಮೇಷ್ಟ್ರ ಮಾತು ಸರಿ. ನಮ್ಮ ಚಿಕ್ಕಬಳ್ಳಾಪುರ 2020ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಫಸ್ಟ್ ಬಂದಿತ್ತು, ಸುಮ್ನೆ ಅಲ್ಲ.

ಹುಣಸೆಮರ ಶಿರಾ:
ಮೂರನೇದು ನಮ್ಮ ಮಧುಗಿರಿ, ಅದನ್ನೂ ಹೇಳಿ.

ತಿಪಟೂರು ಮೇಷ್ಟ್ರು:
ಮಧುಗಿರಿ ಇರೋದು ತುಮಕೂರು ಜಿಲ್ಲೆಯಲ್ಲೇ, ಆದರೆ ಶಿಕ್ಷಣ ಇಲಾಖೆಗೆ ಅದು ಬೇರೆ ಶೈಕ್ಷಣಿಕ ಜಿಲ್ಲೆ, ತುಮಕೂರಿನ ಲೆಕ್ಕಕ್ಕೆ ಬರಲ್ಲ.

ಹುಣಸೆಮರ ಶಿರಾ:
ಶಿರಾ ಮಧುಗಿರಿಗೇ ಸೇರೋದು ಮೇಷ್ಟ್ರೇ, ತಿಪಟೂರಿನವರಿಗೆ ಯಾಕೆ ಹೊಟ್ಟೆಯುರಿ?

ಕೋಲಾರದಮ್ಮ:
ಮಗಳನ್ನು ಕೇಳಿದೆ. ಪೇಪರ್ ಮನೆಗೆ ಕೊಡಲ್ಲವಂತೆ, ಪಟ್ಟಿ ಮಾತ್ರ. ಹೋದ ವಾರ 38ನೇ ನಂಬರ್ ಇತ್ತಂತೆ, ನನಗೆ ಹೇಳಿರಲಿಲ್ಲ. ಸೋಮವಾರ ಹೋಗಿ ಪೇಪರ್ ಕೇಳುತ್ತೇನೆ. ಕೊಡದಿದ್ದರೆ ಟಿಸಿ.

ರೇಷ್ಮೆಗೂಡು ಶಿಡ್ಲಘಟ್ಟ:
ಫೀಸಿನ ರಸೀದಿ ಎಲ್ಲಾ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ನನ್ನ ಹತ್ತಿರ ಒಂದು ಇರಲಿಲ್ಲ, ಅದಕ್ಕೇ ನಾಲ್ಕು ಸಲ ಅಲೆದಿದ್ದು.