ಓಸಿ ಬರೆಸಿದವನನ್ನು ಹಿಡಿದರೆ ಯಾರಿಗೆ ಲಾಭ?

ಶಹಾಬಾದಿನವ

ನಮ್ಮ ಕಡೆ ಪೇಪರಿನ ಜಿಲ್ಲಾ ಪುಟ ತೆರೆದರೆ ಈ ಸುದ್ದಿ ಇದ್ದೇ ಇರುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಒಂದು ರೂಪಾಯಿಗೆ 80 ರೂಪಾಯಿ ಕೊಡ್ತೀನಿ ಅಂತ ಓಸಿ, ಅಂದರೆ ಮಟ್ಕಾ ಅನ್ನೋ ನಂಬರ್ ಜೂಜಿನ ಚೀಟಿ ಬರೆದುಕೊಳ್ಳುತ್ತಿದ್ದ, ಪೊಲೀಸರು ಹಿಡಿದರು. ಜಪ್ತಿ ಆದದ್ದು ಸ್ವಲ್ಪ ನಗದು, ಒಂದು ಚೀಟಿ, ಒಂದು ಬಾಲ್‌ಪೆನ್. ಆಟ ನಡೆಸುವ ಬುಕ್ಕಿಯ ಹೆಸರು ಕೊನೆ ಸಾಲಿನಲ್ಲಿ ಬಂದರೆ ಬಂತು, ಅದೂ ಪರಾರಿ ಅಂತ.

ನನ್ನ ಪ್ರಶ್ನೆ ಇಷ್ಟೇ. ಸ್ವಂತ ಕೂಲಿ ದುಡ್ಡಲ್ಲಿ ಹತ್ತು ರೂಪಾಯಿ ಬರೆಸಿದವನು ಯಾರಿಗೆ ಏನು ಮಾಡಿದ? ದೂರು ಕೊಟ್ಟವರೇ ಇಲ್ಲ. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಕುದುರೆ ಮೇಲೆ ಸಾವಿರಾರು ಕಟ್ಟಬಹುದು. ಪಣಜಿಯಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗಿನಲ್ಲಿ ಲಕ್ಷ ಕಳೆದರೂ ಯಾರೂ ಕೇಳಲ್ಲ. ಬಡವನ ಹತ್ತು ರೂಪಾಯಿ ಮಾತ್ರ ಅಪರಾಧ.

ಮುಂಬೈಯಲ್ಲಿ ಮಟ್ಕಾ ಶುರುವಾದದ್ದು 1960ರ ದಶಕದಲ್ಲಿ. ಇದಕ್ಕೆ ಕೇಸ್ ಹಾಕುವ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆ 1963ರದ್ದು. ಇಷ್ಟು ವರ್ಷ ಹಿಡಿದರೂ ಆಟ ನಿಂತಿಲ್ಲ. ಬುಕ್ಕಿಯನ್ನು ಗಡಿಪಾರು ಮಾಡಿದರೆ ಪಕ್ಕದ ಜಿಲ್ಲೆಯಲ್ಲಿ ಕೂತು ಫೋನಲ್ಲೇ ನಡೆಸುತ್ತಾನೆ. ಗೆದ್ದವನಿಗೆ ದುಡ್ಡು ಕೊಡದಿದ್ದರೆ ಅವನು ಸ್ಟೇಷನ್ನಿಗೆ ಹೋಗೋಕಾಗಲ್ಲ. ಸೋತವನು ಉದ್ರಿ ತೀರಿಸದಿದ್ದರೆ ಬುಕ್ಕಿ ಕೋರ್ಟಿಗೆ ಹೋಗೋಕಾಗಲ್ಲ. ಆಗ ವಸೂಲಿಗೆ ಬರುವವನೇ ರೌಡಿ. ಕಾನೂನುಬದ್ಧ ಮಾಡಿ ತೆರಿಗೆ ಹಾಕಿದರೆ ಈ ಗ್ಯಾಂಗ್‌ಗಳಿಗೆ ಕೆಲಸವೇ ಇರಲ್ಲ ಅನ್ನೋದು ನನ್ನ ವಾದ.

ಸಿಂಧನೂರಿನ ಅಕ್ಕ

ಅಣ್ಣಾ, ಯಾರಿಗೆ ಏನು ಮಾಡಿದ ಅಂತ ಕೇಳಿದ್ರಲ್ಲ, ನಮ್ಮ ಸಂಘದ ಮೀಟಿಂಗಿಗೆ ಬನ್ನಿ. ಕಂತು ಕಟ್ಟುವ ದಿನ ಹಣ ಇಲ್ಲದೆ ಬಾಗಿಲ ಹತ್ತಿರವೇ ನಿಂತ ಹೆಣ್ಣುಮಗಳನ್ನು ನೋಡಿ. ಸಾಲ ಅವಳ ಹೆಸರಲ್ಲಿದೆ, ಸಹಿ ಅವಳದು. ಎಮ್ಮೆಗೆ ಅಂತ ತೆಗೆದ ದುಡ್ಡು ಗಂಡನ ಅಂಗಿ ಜೇಬಿನಲ್ಲಿ ಚೀಟಿಯಾಗಿ ಸಿಗುತ್ತದೆ. ಎರಡಂಕಿ ಬರೆದು ಕೆಳಗೆ ಗೀಟು ಎಳೆದ ಚೀಟಿ. ಅವಳ ಕಂತನ್ನು ಗುಂಪಿನ ಉಳಿದವರು ಕೈಯಿಂದ ತುಂಬಬೇಕು. ಆಡಿದವನು ಒಬ್ಬ, ದುಡ್ಡು ಕಳಕೊಂಡದ್ದು ಹತ್ತು ಮನೆ. ಇವರು ಯಾಕೆ ದೂರು ಕೊಡಲ್ಲ ಅಂದರೆ, ಕೊಟ್ಟ ಮೇಲೆ ರಾತ್ರಿ ಅದೇ ಗಂಡನ ಮನೆಗೆ ಹೋಗಬೇಕಲ್ವಾ?

ಲೆಕ್ಕ ಮಾಡಿ ನೋಡಿ. 00ಯಿಂದ 99ರವರೆಗೆ ನೂರು ಜೋಡಿ. ಬರುವುದು ಒಂದೇ. ನೂರು ಜನ ಒಂದೊಂದು ಜೋಡಿಗೆ ಒಂದೊಂದು ರೂಪಾಯಿ ಕಟ್ಟಿದರೆ ಗೆದ್ದವನಿಗೆ 80 ಹೋಗುತ್ತದೆ, 20 ಬುಕ್ಕಿ ಕಡೆ ಉಳಿಯುತ್ತದೆ. ದಿನಾ ಬರೆಸುವವನ ಕೂಲಿ ಕರಗಲೇಬೇಕು.

ತೆರಿಗೆ ಹಾಕಿ ಅಂತೀರಿ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ನಾಳೆ ಮಟ್ಕಾಗೂ ಟಾರ್ಗೆಟ್ ಬಂದರೆ ನಾವು ಯಾರ ಹತ್ತಿರ ಹೋಗಿ ನಿಲ್ಲಿಸಿ ಅಂತ ಕೇಳೋಣ?

ಮಾಲೂರು ಹುಡುಗ

ಅಕ್ಕ, ನೀವು ಹೇಳಿದ ಮನೆಗಳು ನಮ್ಮೂರಲ್ಲೂ ಇವೆ. ಆದರೆ ಬಂದ್ ಮಾಡಿದರೆ ಏನಾಗುತ್ತೆ ಅಂತಾನೂ ನಾವು ಕಂಡಿದ್ದೇವೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯಿತು. ಪ್ಯಾಕೆಟ್ ಕುಡಿಯುತ್ತಿದ್ದ ಕೂಲಿಯವರಿಗೆ ವಿಸ್ಕಿ ದುಬಾರಿ. ಮಾರನೇ ವರ್ಷ ಮೇ ತಿಂಗಳಲ್ಲಿ ಕೋಲಾರ, ಆನೇಕಲ್, ಗಡಿಯಾಚೆ ಕೃಷ್ಣಗಿರಿ ಕಡೆ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಮುಂಬೈಯಲ್ಲಿ ವರದರಾಜನ್ ಮುದಲಿಯಾರ್ ಅನ್ನೋ ಭೂಗತ ದೊರೆ ಬೆಳೆದದ್ದೂ ಪಾನನಿಷೇಧದ ಕಾಲದ ಕಳ್ಳಭಟ್ಟಿಯಿಂದಲೇ. ಸರ್ಕಾರ ಬಿಟ್ಟ ಜಾಗಕ್ಕೆ ಇಂಥವರು ಬಂದು ಕೂರುತ್ತಾರೆ.

ಬಸವನಗುಡಿ ಓದುಗ

ಮಾಲೂರಿನವರೇ, ಅದರ ಹಿಂದಿನದನ್ನೂ ಸೇರಿಸಿಕೊಳ್ಳಿ. 1981ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಆಗ ಸಾರಾಯಿ ನಿಷೇಧ ಇರಲಿಲ್ಲ. ಅಂಗಡಿಯಲ್ಲಿ ಲೈಸೆನ್ಸ್ ಸಾರಾಯಿ ಸಿಗುತ್ತಿದ್ದಾಗಲೂ ಕಳ್ಳಮಾಲು ನಡೆಯುತ್ತಿತ್ತು. ತೆರಿಗೆ ಕಟ್ಟದ ಮಾಲು ಅಗ್ಗ ಇದ್ದಷ್ಟು ದಿನ ಕೊಳ್ಳುವವನೂ ಇರುತ್ತಾನೆ, ಮಾರುವವನೂ ಇರುತ್ತಾನೆ. ಬರೀ ಲೈಸೆನ್ಸ್ ಕೊಟ್ಟರೆ ಗ್ಯಾಂಗ್ ಹೋಗುತ್ತೆ ಅನ್ನುವ ಮಾತನ್ನು ಹಾಗಾಗಿಯೇ ನಾನು ಒಪ್ಪಲ್ಲ.

ಕುಂಬಳೆಯವಳು

ಇವರು ಹೇಳಿದ್ದಕ್ಕೆ ನಮ್ಮ ಕಾಸರಗೋಡು ಕಡೆಯದೇ ಸಾಕ್ಷಿ ಕೊಡ್ತೇನೆ. ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. ಎಷ್ಟೋ ಅಂಗವಿಕಲರು, ವಯಸ್ಸಾದವರು ಟಿಕೆಟ್ ಮಾರಿ ಬದುಕುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ಅದೇ ಲಾಟರಿಯ ಬೆನ್ನಿಗೆ ಇನ್ನೊಂದು ಕಳ್ಳ ಲಾಟರಿ ನಡೆಯುತ್ತದೆ. ಸರ್ಕಾರಿ ಫಲಿತಾಂಶದ ಕೊನೆಯ ಮೂರು ಅಂಕೆ ಯಾವುದು ಅಂತ ಚೀಟಿಯಲ್ಲಿ ಬರೆಸುವುದು. ಟಿಕೆಟ್ಟಿಗಿಂತ ಅಗ್ಗ, ದುಡ್ಡು ಅದೇ ದಿನ ಕೈಗೆ. ಡ್ರಾ ಎತ್ತುವ ಖರ್ಚು ಸರ್ಕಾರದ್ದು, ಲಾಭ ಏಜೆಂಟನದ್ದು. ಪೊಲೀಸರು ಹಿಡಿಯುತ್ತಲೇ ಇರುತ್ತಾರೆ, ಮತ್ತೆ ಶುರುವಾಗುತ್ತದೆ. ಶಹಾಬಾದಿನ ಅಣ್ಣ, ಸರ್ಕಾರಿ ಮಟ್ಕಾ ಬಂದರೂ ಅದರ ನಂಬರಿನ ಮೇಲೆ ಪಕ್ಕದ ಗಲ್ಲಿಯಲ್ಲಿ ಖಾಸಗಿ ಮಟ್ಕಾ ನಡೆಯುವುದಿಲ್ಲ ಅಂತ ಹೇಗೆ ಹೇಳ್ತೀರಿ?

ಹುಬ್ಬಳ್ಳಿ ವಕೀಲ

ಇಲ್ಲಿ ಎಲ್ಲರೂ ಬಂದ್ ಮಾಡಬೇಕಾ, ಬಿಡಬೇಕಾ ಅಂತ ಮಾತ್ರ ನೋಡುತ್ತಿದ್ದೀರಿ. ಯಾರನ್ನು ಹಿಡಿಯಬೇಕು ಅನ್ನೋದು ಬೇರೆ ಪ್ರಶ್ನೆ, ನನಗೆ ಅದೇ ಮುಖ್ಯ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾನೂನು ನೋಡಿ. ದುಡ್ಡು ಕಟ್ಟುವ ಆಟ ನಡೆಸಿದವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಮೊಬೈಲಿನಲ್ಲಿ ಲಕ್ಷ ಕಳೆದವನು ಸಂತ್ರಸ್ತ, ಪಾನ್ ಅಂಗಡಿಯಲ್ಲಿ ಹತ್ತು ರೂಪಾಯಿ ಬರೆಸಿದವನು ಆರೋಪಿ. ಇದು ನ್ಯಾಯ ಅಲ್ಲ.

ಇನ್ನೊಂದು ಭಯವೂ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ಸಣ್ಣ ಸಂಘಟಿತ ಅಪರಾಧದ ಬಗ್ಗೆ ಇದೆ. ಗ್ಯಾಂಗಿನ ಸದಸ್ಯನಾಗಿ ಅಕ್ರಮ ಬೆಟ್ಟಿಂಗ್ ಅಥವಾ ಜೂಜು ನಡೆಸಿದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಏಳು ವರ್ಷ. ಇದು ಬುಕ್ಕಿಗೆ ಬೀಳಬೇಕಾದ ಕಲಂ. ಕಮಿಷನ್ನಿಗೆ ಚೀಟಿ ಬರೆಯುವವನ ಮೇಲೆ ಹಾಕಿದರೆ ಅವನ ಸಂಸಾರವೇ ಮುಗಿಯಿತು, ಬುಕ್ಕಿ ಮರುದಿನ ಬೇರೊಬ್ಬನ ಕೈಗೆ ಪೆನ್ ಕೊಡುತ್ತಾನೆ. ಈಗ ಹಣ ಹೋಗುವುದು ಜಾಸ್ತಿ ಯುಪಿಐನಲ್ಲೇ. ಯಾವ ಖಾತೆಗೆ ಸೇರುತ್ತದೆ ಅಂತ ಬೆನ್ನು ಹತ್ತಿದರೆ ಮೇಲಿನವನ ಮನೆ ಸಿಗುತ್ತದೆ.

ರೇಸ್ ಕೋರ್ಸ್ ಹೋಲಿಕೆ ಬಗ್ಗೆ ಒಂದು ಮಾತು. ಕುದುರೆ ಓಟ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಮಟ್ಕಾದಲ್ಲಿ ಅದೃಷ್ಟ ಬಿಟ್ಟು ಇನ್ನೇನೂ ಇಲ್ಲ, ಹಾಗಾಗಿ ಆ ವಾದ ಕೋರ್ಟಿನಲ್ಲಿ ನಿಲ್ಲಲ್ಲ.

ಶಹಾಬಾದಿನವ

ವಕೀಲ ಸರ್, ಕೋರ್ಟಿನಲ್ಲಿ ನಿಲ್ಲದಿದ್ದರೂ ಕೂಲಿಯವನ ಮನಸ್ಸಿನಲ್ಲಿ ಆ ಪ್ರಶ್ನೆ ನಿಲ್ಲುತ್ತದೆ. ಕುಂಬಳೆಯ ಅಕ್ಕ ಹೇಳಿದ ಮೂರಂಕಿ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಲೈಸೆನ್ಸ್ ಇದ್ದ ಕಡೆ ಗೆದ್ದವನು ಹೊಡೆತ ತಿನ್ನದೆ ದುಡ್ಡು ತಗೊಂಡು ಮನೆಗೆ ಹೋಗುತ್ತಾನೆ, ಅಷ್ಟಾದರೂ ಆಗಲಿ ಅನ್ನುತ್ತೇನೆ.

ಸಿಂಧನೂರಿನ ಅಕ್ಕ

ಗೆದ್ದವನ ಬಗ್ಗೆಯೇ ಎಷ್ಟು ಮಾತಾಡ್ತೀರಿ ಅಣ್ಣಾ. ಬರೆಸಿದವನನ್ನು ಜೈಲಿಗೆ ಹಾಕಿ ಅಂತ ನಾನೂ ಕೇಳಿಲ್ಲ. ಅವನು ಒಳಗೆ ಹೋದರೆ ಜಾಮೀನಿಗೆ ದುಡ್ಡು ಹೊಂದಿಸುವವಳು ಅವನ ಹೆಂಡತಿಯೇ. ಚೀಟಿ ಬರೆಯುವವನೂ ನಮ್ಮ ಓಣಿಯವನೇ. ನನ್ನ ಸಿಟ್ಟು ಇರುವುದು ಎಲ್ಲರಿಗೂ ಹೆಸರು ಗೊತ್ತಿದ್ದೂ ಪ್ರತಿ ಸಲ ಪರಾರಿಯಾಗುವ ಆ ಬುಕ್ಕಿ ಮೇಲೆ.

ಯಾದಗಿರಿ ಪದವೀಧರ

ಚರ್ಚೆಯ ನಡುವೆ ಒಂದು ಸಹಾಯ ಬೇಕು. ನನ್ನ ತಮ್ಮನನ್ನು ಹೋದ ವರ್ಷ ಅಂಗಡಿ ಮುಂದೆ ಚೀಟಿ ಸಮೇತ ಹಿಡಿದಿದ್ದರು. ತಪ್ಪೊಪ್ಪಿಕೊಂಡು ದಂಡ ಕಟ್ಟು, ಇವತ್ತೇ ಮುಗಿಯುತ್ತೆ ಅಂದರು, ಕಟ್ಟಿದ. ಈಗ ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗಿದ್ದಾನೆ. ಪೊಲೀಸ್ ವೆರಿಫಿಕೇಷನ್ ಫಾರ್ಮಿನಲ್ಲಿ ಬರೆಯಬೇಕಾ?

ಹುಬ್ಬಳ್ಳಿ ವಕೀಲ

ಬರೆಯಲೇಬೇಕು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೂ ಅದು ಶಿಕ್ಷೆಯೇ, ದಾಖಲೆಯಲ್ಲಿ ಇರುತ್ತದೆ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ, ಪ್ರಕರಣ ತೀರಾ ಸಣ್ಣದಾಗಿದ್ದರೆ ಇಲಾಖೆ ಅದನ್ನು ಮನ್ನಿಸಬಹುದು ಅಂದಿದೆ. ಆದರೆ ಆ ನಿರ್ಧಾರ ಇಲಾಖೆಯದು. ಕೇಸ್ ನಂಬರ್, ಆದೇಶದ ಪ್ರತಿ, ದಂಡದ ರಸೀದಿ ಮೂರನ್ನೂ ಲಗತ್ತಿಸಿ ಸತ್ಯವನ್ನೇ ಬರೆಯಲು ಹೇಳಿ. ಆದೇಶದ ಪ್ರತಿ ಇಲ್ಲದಿದ್ದರೆ ಆ ಕೋರ್ಟಿನಲ್ಲೇ ಅರ್ಜಿ ಹಾಕಿದರೆ ಸಿಗುತ್ತದೆ. ಫಾರ್ಮ್ ಕೊಡುವ ಮೊದಲು ನಿಮ್ಮೂರಿನ ಒಬ್ಬ ವಕೀಲರಿಗೆ ತೋರಿಸಿ.