ಅಪ್ಪನ ಬಿಪಿ 210, ಎಪಿಎಲ್ ಕಾರ್ಡ್. ಸರ್ಕಾರದ ವಿಮೆಯಲ್ಲಿ ಏನಾದ್ರೂ ಸಿಗುತ್ತಾ?

ಕೇಳಿದವರು, ತೀರ್ಥಹಳ್ಳಿ ಕಡೆ: ಅಪ್ಪನಿಗೆ 63. ಮೂರು ಥರ ಮಾತ್ರೆ ನುಂಗಿದರೂ ಬಿಪಿ 210/120. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಏರುತ್ತಿದೆ. ಎರಡೆಕರೆ ತೋಟ. ಅನುಭವ ಇದ್ದವರು ಹೇಳಿ.

ಹೊಸನಗರ: ನಮ್ಮಣ್ಣನದೂ ಎಪಿಎಲ್. ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ನಮಗೆ 30 ಪರ್ಸೆಂಟ್, ಅದೂ 1.5 ಲಕ್ಷದೊಳಗೆ. ನಾನು ದಡ್ಡ, ಬಿಲ್ಲಿನ 30 ಅಂದುಕೊಂಡಿದ್ದೆ. ಅದು ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ 30! ಬೈಪಾಸ್‌ಗೆ ಕೈಯಿಂದ ಕಟ್ಟಿದ್ದು 2,64,300. ಹುಲಿಕಲ್ ಘಾಟಿ ಇಳಿದು ಹತ್ತಿದ ಬಾಡಿಗೆ ಕಾರಿಗೆ 18,000 ಬೇರೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಗೇ ಮೂರು ಸಲ ಅಲೆದೆ. ಒಂದರಲ್ಲಿ ಸೀಲ್ ಇಲ್ಲ, ಇನ್ನೊಂದರಲ್ಲಿ ಅಣ್ಣನ ಇನಿಷಿಯಲ್ ಆಧಾರ್‌ಗೆ ತಾಳೆ ಆಗಲಿಲ್ಲ.

ಸಾಗರ: ಸುಮ್ನೆ ಬಿಪಿಎಲ್ ಮಾಡಿಸಿಕೊಳ್ಳಿ. ನಮ್ಮಮ್ಮನಿಗೆ ಬಿಪಿ ಏರಿ ತಲೆಯಲ್ಲಿ ರಕ್ತಸ್ರಾವ. 11 ದಿನ ಐಸಿಯು, ಒಂದು ರೂಪಾಯಿ ಬಿಚ್ಚಲಿಲ್ಲ. ತುರ್ತು ಅಂದರೆ ರೆಫರಲ್ಲೂ ಬೇಡ.

ಹೊಸನಗರ: ಮಾಡಿಸಿಕೊಳ್ಳೋಕೆ ಅದೇನು ಅಂಗಡಿಯಲ್ಲಿ ಸಿಗುತ್ತಾ? ವರ್ಷದ ಆದಾಯ 1.2 ಲಕ್ಷದೊಳಗಿರಬೇಕು, ಬಿಳಿ ಬೋರ್ಡಿನ ಕಾರು ಇರಬಾರದು. ಹೋದ ತಿಂಗಳು ಇಲ್ಲೇ ಕಾರಿನ ಟೈರ್ ರೇಟು ಕೇಳಿದ್ದು ನೀವೇ ಅಲ್ವಾ?

ಸಾಗರ: ಅದು ನಮ್ಮ ಭಾವನ ಕಾರು. ಅಮ್ಮನ ಜೀವದ ವಿಷಯದಲ್ಲಿ ಟೈರ್ ಯಾಕೆ ತರ್ತೀರಿ?

ಶಿವಮೊಗ್ಗ, ವಿನೋಬನಗರ: ಇಬ್ಬರೂ ನಿಲ್ಲಿಸಿ. ನಾನು ಪ್ರೈವೇಟ್ ಪಾಲಿಸಿ ಮಾಡಿಸಿ ಕೆಟ್ಟವನು. ಏಜೆಂಟ್ 'ಬಿಪಿ ಇದೆ ಅಂತ ಬರೀಬೇಡಿ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ' ಅಂದ. ಬರೀಲಿಲ್ಲ. ವರ್ಷಕ್ಕೆ 27,450ರಂತೆ ಎರಡು ವರ್ಷ ಕಟ್ಟಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಡಾಕ್ಟರು 'ಎಂಟು ವರ್ಷದಿಂದ ಬಿಪಿ' ಅಂತ ಒಂದೇ ಸಾಲು ಗೀಚಿದರು. ಕ್ಲೈಮ್ ಗೋವಿಂದ. ನಿಜ ಬರೆದು ಪಾಲಿಸಿ ಸಿಕ್ಕಿದ್ದರೆ ಬಿಪಿಯ ಕ್ಲೈಮಿಗೆ ಹೆಚ್ಚೆಂದರೆ 3 ವರ್ಷ ಕಾಯಬೇಕಿತ್ತು, ಅಷ್ಟೆ.

ಸಾಗರ: ಓದಿದವರು ಸುಳ್ಳು ಬರೆದು ಏಜೆಂಟನ್ನ ಬೈಯೋದು!

ಶಿವಮೊಗ್ಗ, ವಿನೋಬನಗರ: ಭಾವನ ಕಾರಿನವರು ಸುಳ್ಳಿನ ಪಾಠ ಹೇಳೋದು ಬೇಡ.

ಸೊರಬ: ಸಹಕಾರ ಸಂಘದವರಿಗಿರೋ ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆಯನ್ನ ಯಾರೂ ಎತ್ತಲೇ ಇಲ್ಲ. ಸೊಸೈಟಿ ಸದಸ್ಯರಾಗಿದ್ದರೆ ಹಳ್ಳಿಯವರಿಗೆ ಮನೆಯ ನಾಲ್ಕು ಜನಕ್ಕೆ ವರ್ಷಕ್ಕೆ 500 ರೂಪಾಯಿ. ನಾನು ಅಡಿಕೆ ಕೊನೆಕೊಯ್ಲಿನ ಗಲಾಟೆಯಲ್ಲಿ ನೋಂದಣಿಗೆ ಮೂರು ದಿನ ತಡ ಮಾಡಿದೆ. ಆ ವರ್ಷವೇ ಹೆಂಡತಿಗೆ ಸ್ಟೆಂಟ್ ಬಿತ್ತು. 1,72,000. ಮಾರದೆ ಇಟ್ಟಿದ್ದ ಅಡಿಕೆಯನ್ನ ರೇಟು ಬಿದ್ದಾಗಲೇ ಮಂಡಿಗೆ ಹಾಕಿದೆ. ಅಂದಹಾಗೆ ಇದೆಲ್ಲ ಅಡ್ಮಿಟ್ ಆದಮೇಲಿನ ಕಥೆ. ದಿನದ ಮಾತ್ರೆಗೆ ಯಾವ ಕಾರ್ಡೂ ಬರಲ್ಲ. ನಾವು ಬಿಪಿ ಮಾತ್ರೆಗಳಲ್ಲಿ ಆಮ್ಲೋಡಿಪಿನ್ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಪುಕ್ಕಟೆ ತರ್ತೀವಿ, ಟೆಲ್ಮಿಸಾರ್ಟನ್ ಜನೌಷಧಿ ಅಂಗಡಿಯಲ್ಲಿ.

ಕೇಳಿದವರು: ಸೊಸೈಟಿಯಲ್ಲಿ ಅಪ್ಪನ ಷೇರಿದೆ. ನಾಳೆ ಕೇಳ್ತೀನಿ. ಎಪಿಎಲ್‌ನವರಿಗೆ ಡಯಾಲಿಸಿಸ್ ಹೇಗೆ?

ಹೊಸನಗರ: ಭಾವನ ಕಾರಿಗೆ ಟೈರ್ ಹಾಕಿಸೋ ಭಾಗ್ಯ ನನಗೆ ಸಿಗಲಿಲ್ಲ ನೋಡಿ.